ಬಾವಿಗೆ ಕೊಟ್ಟ ದನಿ

ಬಳ್ಳಾರಿಯ ಗಾಂಧಿನಗರದಲ್ಲಿ ಸಂಗೀತ ಪಾಠ ಹೇಳುವ ಸುಧಾರಾಣಿಗೆ ಯಾರಾದರೂ ಮುಖದೆದುರು ಹೊಗಳಿದರೆ ಮೊದಲು ಬರುವುದು ಸಂತೋಷವಲ್ಲ, ಸಂಶಯ. ಇವನು ಈಗ ಏನೋ ಕೇಳುತ್ತಾನೆ ಎಂದು ಕಾಯುತ್ತಾಳೆ. ಹುಟ್ಟಿನಿಂದ ಬಂದ ಗುಣವೇನಲ್ಲ ಅದು. ಕೆಲವು ವರ್ಷಗಳ ಹಿಂದೆ ಒಬ್ಬ ಮನುಷ್ಯ ಮನೆಗೆ ಬಂದು, ಮಠದ ಸಲುವಾಗಿ ಎಂದು ಹೇಳಿ ಆಕೆಯಿಂದ ವಚನ ಹಾಡಿಸಿಕೊಂಡು ಧ್ವನಿಮುದ್ರಣ ಮಾಡಿಕೊಂಡು ಹೋಗಿದ್ದ. ಮುಂದಿನ ಶ್ರಾವಣದಲ್ಲಿ ಆಕೆ ರಾಯಲ್ ಸರ್ಕಲ್ಲಿನಲ್ಲಿ ರಸ್ತೆ ದಾಟಲು ನಿಂತಿದ್ದಾಗ, ಊದಿನಕಡ್ಡಿ ಮಾರುವ ಆಟೋ ಒಂದು ಆಕೆಯದೇ ದನಿಯಲ್ಲಿ ಹಾಡುತ್ತ ಮುಂದೆ ಹಾದುಹೋಯಿತು. ಓಡಿಹೋಗಿ ನಿಲ್ಲಿಸಿ, "ಇದು ನನ್ನ ದನಿ" ಅಂದರೆ ಆಟೋದವನು ನಕ್ಕುಬಿಟ್ಟ. "ಹೆಣ್ಮಕ್ಕಳ ದನಿ ಎಲ್ಲಾ ಹಿಂಗ ಇರ್ತೈತ್ರಿ ಅಮ್ಮಾ" ಅಂದ. ಆ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಗವಿಸಿದ್ದೇಶ ಎಂಬ ಹುಡುಗ ಬಂದು, ಚಾಪೆಯ ಮೇಲೆ ಕುಳಿತು, "ಅಕ್ಕಾರ, ನಿಮ್ಮ ದನಿ ಭಾಳ ಚಲೋ ಐತ್ರಿ, ಅದು ನಮಗ ಬೇಕಾಗೈತಿ" ಅಂದಾಗ ಸುಧಾರಾಣಿ ಚಹಾ ತರಲು ಎದ್ದವಳು ಹಾಗೇ ಕುಳಿತಳು.

"ಹಾಡು ಬೇಕು ಅಂದ್ರ ತಿಳೀತೈತಿ. ದನಿ ಬೇಕು ಅಂದ್ರ ಏನಪ್ಪಾ?"

ಗವಿಸಿದ್ದೇಶ ಸಿರುಗುಪ್ಪ ತಾಲೂಕಿನ ಕರೂರಿನವನು. ನೆಲದೊಳಗಿನ ನೀರಿನ ಬಗ್ಗೆ ಓದಿದವನು. ಸಿರುಗುಪ್ಪದಲ್ಲಿ ಅಂಥದೇ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದ.

"ಸಿರುಗುಪ್ಪಿ ಕಡೆ, ಕುರುಗೋಡು ಕಡೆ ಬಾವಿಗಳಾಗ ಒಂದೊಂದು ಯಂತ್ರ ಇಳಿಬಿಟ್ಟೀವ್ರಿ. ನೀರು ಎಷ್ಟು ಮ್ಯಾಲೈತಿ, ಎಷ್ಟು ಕೆಳಗೈತಿ ಅಂತ ಅದು ಹೊತ್ತುಹೊತ್ತಿಗೆ ಅಂಕಿ ಕಳಸ್ತೈತಿ. ಆ ಅಂಕಿ ಇಟ್ಕೊಂಡು ಗೆರಿ ಎಳದು ರೈತರ ಮುಂದ ಹಿಡದ್ರ ಯಾರೂ ತಿರುಗಿ ನೋಡಂಗಿಲ್ರಿ. ಅದಕ್ಕ ಕಿವಿಗೆ ಕೇಳಂಗ ಮಾಡೋಣಂತ. ನೀರು ಮ್ಯಾಲ ಬಂದ್ರ ಮ್ಯಾಲಿನ ಸ್ವರ, ಕೆಳಗಿಳದ್ರ ಕೆಳಗಿನ ಸ್ವರ."

"ಅದಕ್ಕ ಹಾರ್ಮೋನಿಯಂ ಸಾಕಲ್ಲ."

"ಹಾಕಿ ನೋಡೀವ್ರಿ. ನಮ್ಮವ್ವ ಕೇಳಿ, ಯಾಕಪ್ಪಾ ಮೊಬೈಲ್ ಕೆಟ್ಟೈತೇನು ಅಂದ್ಲು. ಮನಷ್ಯಾರ ದನಿ ಆದ್ರ ಮಂದಿ ಕಿವಿ ಕೊಡ್ತಾರ್ರಿ."

ಬೇಡ ಅನ್ನಲೆಂದೇ ಸುಧಾರಾಣಿ ಬಾಯಿ ತೆರೆದಿದ್ದಳು. ಆದರೆ ಅವನ ಅವ್ವನ ಮಾತಿಗೆ ನಗು ಬಂದುಬಿಟ್ಟಿತು. ನಗು ಬಂದ ಮೇಲೆ ಬೇಡ ಅನ್ನುವುದು ಕಷ್ಟ. ಆದರೂ ಷರತ್ತು ಹಾಕಿದಳು: ತನ್ನ ದನಿ ಏನು ಹಾಡುತ್ತದೆ ಎಂಬುದನ್ನು ಮೊದಲು ತಾನು ಕೇಳಬೇಕು. ತಾನು ಒಪ್ಪದೆ ಅದು ಯಾರ ಕಿವಿಗೂ ಬೀಳಬಾರದು. ಗವಿಸಿದ್ದೇಶ ತಂಬೂರಿ ಮುಟ್ಟಿ ಆಣೆ ಮಾಡಿದ. ಅಷ್ಟು ಸಲೀಸಾಗಿ ಆಣೆ ಮಾಡಿದ್ದೂ ಆಕೆಗೆ ಹಿಡಿಸಲಿಲ್ಲ.

ಕೆಳಗಿನ ಮಂದ್ರದ ಪಂಚಮದಿಂದ ಹಿಡಿದು ಮೇಲಿನ ತಾರದ ಗಾಂಧಾರದವರೆಗೆ ಒಂದೊಂದೇ ಸ್ವರವನ್ನು ಉಸಿರಿರುವಷ್ಟು ಹೊತ್ತು ಹಾಡಿಕೊಟ್ಟಳು. ರಾಗವಿಲ್ಲ, ಮಾತಿಲ್ಲ, ಬರೀ ಸ್ವರ. ಮೈಮೇಲಿನ ಒಡವೆ ಒಂದೊಂದೇ ಬಿಚ್ಚಿ ಗುರುತಿಲ್ಲದವನ ಕೈಗೆ ಕೊಟ್ಟ ಹಾಗೆ ಅನ್ನಿಸಿತು.

ಉಗಾದಿ ಕಳೆದ ವಾರ ಅವನ ಫೋನ್ ಬಂತು. ಹಾಡು ತಯಾರಾಗಿದೆ, ಬಂದು ಕೇಳಬೇಕು ಅಂದ. ಸುಧಾರಾಣಿ ಬೆಳಗಿನ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದಳು. ಊರು ಹತ್ತಿರವಾಗುತ್ತಿದ್ದಂತೆ ರೈಸ್‌ಮಿಲ್ಲುಗಳ ತೌಡಿನ ವಾಸನೆ ಕಿಟಕಿಯಿಂದ ಬಂತು. ಸಂಸ್ಥೆಯ ಕಚೇರಿ ಒಂದು ಮಿಲ್ಲಿನ ಹಿಂದಿನ ಓಣಿಯಲ್ಲಿತ್ತು. ಅಲ್ಲಿ ಗವಿಸಿದ್ದೇಶನ ಜತೆ ಅವನ ಮೇಲಿನವರು ಚಿದಾನಂದಪ್ಪನವರೂ ಇದ್ದರು. ಬಿಳಿ ಅಂಗಿ, ಹಣೆಗೆ ವಿಭೂತಿ, ಮಾತಿಗೊಮ್ಮೆ ನಗು.

"ಬರ್ರಿ ಬರ್ರಿ, ನಿಮ್ಮ ದನಿ ಕೇಳಿ ನಾವು ಮೂಕಾಗೀವಿ" ಅಂದರು ಅವರು. ಸುಧಾರಾಣಿ ಸೆರಗು ಬಿಗಿಮಾಡಿಕೊಂಡು ಕುಳಿತಳು.

ಮೊದಲು ಕರೂರಿನ ಬಾವಿ. ಒಂದು ದಿನದ ಅಂಕಿ ಕೆಲವೇ ಕ್ಷಣದ ಹಾಡಾಗಿತ್ತು, ಹೊತ್ತು ಪರದೆಯ ಮೇಲೆ ಕಾಣುತ್ತಿತ್ತು. ಮೇಜಿನ ಮೇಲಿನ ಸ್ಪೀಕರಿನಿಂದ ತನ್ನದೇ ದನಿ ಹೊರಟಿತು. ತಾನೆಂದೂ ಹಾಡದ ಹಾಡು ಅದು. ನಡುವಿನ ಸ್ವರಗಳಲ್ಲಿ ತಡವರಿಸುತ್ತಿದ್ದ ದನಿ ಮೆಲ್ಲಗೆ ಮೇಲೇರಿತು. ಏರಿ ಏರಿ ತಾರಷಡ್ಜದ ಮೇಲೆ ಹೋಗಿ ನಿಂತಿತು. ಅಲ್ಲಿಂದ ಇಳಿಯಲೇ ಇಲ್ಲ. ಉಸಿರು ಬಿಡದೆ ಅಲ್ಲೇ ಎಳೆಯಿತು.

"ಕಾಲುವಿಗೆ ನೀರು ಬಿಟ್ಟದ್ದು ನೋಡ್ರಿ ಇದು" ಅಂದ ಗವಿಸಿದ್ದೇಶ. "ನಮ್ಮೂರಾಗ ಭತ್ತಕ್ಕ ನೀರು ನಿಲ್ಲಿಸಿ ನಿಲ್ಲಿಸಿ ನೆಲದಾಗಿನ ನೀರು ಬೇರಿನ ತನಕ ಬಂದೈತಿ. ಅದಕ್ಕ ಉಪ್ಪು ಮ್ಯಾಲೆದ್ದು ಹೊಲ ಸವಳಾಗ್ತಾವ."

ಸುಧಾರಾಣಿಗೆ ಅದು ನಿಜವೆಂದು ಅನ್ನಿಸಿತು. ಹಾಡು ಚೆನ್ನಾಗಿರಲಿಲ್ಲ, ಅದಕ್ಕೇ ನಂಬಿಕೆ ಬಂತು.

ಆಮೇಲೆ ಕುರುಗೋಡಿನ ಬಾವಿ. ಅದು ಬೇರೆಯೇ. ದನಿ ಬೆಳಿಗ್ಗೆ ಒಮ್ಮೆಗೇ ಚಿಮ್ಮಿ ಮೇಲೇರುತ್ತದೆ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ, ನಡುನಡುವೆ ನಿಂತು ಉಸಿರು ತೆಗೆದುಕೊಂಡು, ಸಂಜೆಯ ಹೊತ್ತಿಗೆ ಮಂದ್ರಕ್ಕೆ ಬಂದು ಸೇರುತ್ತದೆ. ಮಾರನೆಯ ದಿನ ಮತ್ತೆ ಚಿಮ್ಮುತ್ತದೆ. ಇಂಪಾಗಿತ್ತು. ತಿಂಗಳುಗಟ್ಟಲೆ ಹಾಗೇ ಇಂಪಾಗಿತ್ತು.

"ಇದನ್ನ ಕೊನಿಗೆ ಇಡೋಣು" ಅಂದರು ಚಿದಾನಂದಪ್ಪ. "ಮುಂದಿನ ತಿಂಗಳು ಬಳ್ಳಾರಿಯಾಗ ದೊಡ್ಡ ಕಾರ್ಯಕ್ರಮ ಐತಿ. ಕುರುಗೋಡು ಕಡೆ ನೀರು ಕಡಿಮಿ ಐತಿ, ಆದ್ರೂ ಕುಂದಿಲ್ಲ ಅಂತ ಮಂದಿಗೆ ಧೈರ್ಯ ಬರ್ತೈತಿ."

"ಇನ್ನೊಮ್ಮಿ ಹಾಕು" ಅಂದಳು ಸುಧಾರಾಣಿ.

ಮತ್ತೆ ಕೇಳಿದಳು. ಒಂದು ಕಡೆ ಕೈಯೆತ್ತಿ ನಿಲ್ಲಿಸಿದಳು. ಅಲ್ಲಿ ದನಿ ಬೆಳಿಗ್ಗೆ ಬೆಳಿಗ್ಗೆಯೇ ದಡದಡನೆ ಕೆಳಕ್ಕೆ ಬಿದ್ದಿತ್ತು. ಮಧ್ಯಾಹ್ನ ಮತ್ತೊಮ್ಮೆ ಮೇಲೆ ಹೋಗಿತ್ತು. ಬೇರಾವ ದಿನವೂ ಹಾಗಿರಲಿಲ್ಲ.

"ಇದ್ಯಾವ ದಿನ?"

ಗವಿಸಿದ್ದೇಶ ನೋಡಿದ. "ಉಗಾದಿ ರಿ."

"ಹಬ್ಬದ ದಿನ ಭೂಮಿತಾಯಿನೂ ಎಣ್ಣಿ ಹಚ್ಚಿಕೊಂಡು ಜಳಕ ಮಾಡ್ತಾಳೇನು?"

ಚಿದಾನಂದಪ್ಪ ಜೋರಾಗಿ ನಕ್ಕರು. ಗವಿಸಿದ್ದೇಶ ನಗಲಿಲ್ಲ. ಮೋಟರು ಹಚ್ಚಿದರೆ ಬಾವಿ ಇಳಿಯುತ್ತದೆ, ನಿಲ್ಲಿಸಿದರೆ ಸೆಲೆ ಒಸರಿ ತುಂಬುತ್ತದೆ, ಹಬ್ಬದ ದಿನ ಕರೆಂಟು ಹೆಚ್ಚು ಹೊತ್ತು ಇದ್ದಿರಬೇಕು ಎಂದು ಏನೇನೋ ವಿವರಿಸಿದ. ಪ್ರತಿಯೊಂದಕ್ಕೂ ಅವನ ಹತ್ತಿರ ಉತ್ತರವಿತ್ತು. ಆ ಉತ್ತರಗಳೇ ಸುಧಾರಾಣಿಯ ಅನುಮಾನವನ್ನು ಗಟ್ಟಿ ಮಾಡಿದವು. ಬೇಸಿಗೆ ಏರಿದರೂ ಕುಂದದ ಬಾವಿ, ಪಾಠ ಒಪ್ಪಿಸಿದಂತೆ ದಿನಾಲೂ ಅದೇ ಏರು, ಅದೇ ಇಳಿವು. ಮಂದಿಗೆ ಸಿಹಿ ಹಂಚಲು ಇವರಿಬ್ಬರೂ ಸೇರಿ ಅಂಕಿ ತಿದ್ದಿದ್ದಾರೆ. ತಿದ್ದಿದ್ದಕ್ಕೆ ತನ್ನ ದನಿಯ ಮುದ್ರೆ ಒತ್ತಿದ್ದಾರೆ.

ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಗವಿಸಿದ್ದೇಶನಿಗೆ ನೇರವಾಗಿ ಅಂದುಬಿಟ್ಟಳು. "ಏನಪ್ಪಾ, ಖರೆ ಹೇಳು. ಕುರುಗೋಡಿನ ಬಾವಿ ನೀನ ಕುಂತು ಮಾಡಿದ್ದು ಹೌದಲ್ಲ?"

ಹುಡುಗನ ಮುಖ ಕೆಂಪಗಾಯಿತು. "ಅಕ್ಕಾರ, ಒಂದು ಅಂಕಿ ಮುಟ್ಟಿಲ್ಲ ನಾನು. ನಿಮಗ ದನಿ ಕೊಡಾಕ ಮನಸಿಲ್ಲ ಅಂದ್ರ ಹಂಗ ಹೇಳ್ರಿ. ಇಂಥಾ ನೆವ ಯಾಕ?"

"ನನಗ ನೆವ ಬೇಕಾಗಿಲ್ಲ. ಆ ಬಾವಿ ತೋರಿಸು."

"ತೋರಸ್ತೀನಿ. ಶನಿವಾರ ಬರ್ರಿ."

ಇಷ್ಟು ಬೇಗ ಒಪ್ಪಿಕೊಂಡನಲ್ಲ, ಶನಿವಾರದೊಳಗೆ ಅಲ್ಲೇನಾದರೂ ಸರಿಮಾಡಿ ಇಡುತ್ತಾನೇನೋ ಎಂದುಕೊಂಡು, "ಶನಿವಾರ ಅಲ್ಲ, ನಾಳೆನ" ಅಂದಳು.

ಮಾರನೆಯ ದಿನ ಬಿಸಿಲು ಏರುವ ಮೊದಲೇ ಇಬ್ಬರೂ ಕುರುಗೋಡಿಗೆ ಹೋದರು. ಊರ ಹೊರಗೆ, ಬಂಡೆಗುಡ್ಡದ ಕೆಳಗೆ ಮರಿಬಸಪ್ಪನ ಅಂಜೂರದ ತೋಟ. ತೋಟದ ನಡುವೆ ಕಲ್ಲುಕಟ್ಟಿದ ಹಳೆಯ ಬಾವಿ, ಪಕ್ಕದಲ್ಲೇ ಸಣ್ಣ ಆರ್‌ಸಿಸಿ ಮನೆ. ಗವಿಸಿದ್ದೇಶ ಸಂಕ್ರಾಂತಿಗೆ ಮುಂಚೆ ಬಂದು ಯಂತ್ರ ಇಳಿಬಿಟ್ಟು ಹೋದವನು, ಅಂಕಿ ತಾನಾಗಿ ಬರುತ್ತಿದ್ದುದರಿಂದ ಮತ್ತೆ ಈ ಕಡೆ ಬಂದಿರಲಿಲ್ಲ.

ಅಂಕಿ ಕಳಿಸಲೆಂದು ಅವನು ಬಾವಿಕಟ್ಟೆಯ ಕಂಬಕ್ಕೆ ಕಟ್ಟಿದ್ದ ಯಂತ್ರದ ಪೆಟ್ಟಿಗೆ ಅಲ್ಲಿರಲಿಲ್ಲ.

"ಮಂಗ್ಯಾ ಅದನ್ನ ಕೀಳಾಕ ಹತ್ತಿದ್ವಪ್ಪಾ" ಅಂದ ಮರಿಬಸಪ್ಪ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ. ಅರವತ್ತರ ಆಸುಪಾಸಿನ ಗಟ್ಟಿ ಆಸಾಮಿ. "ಅದಕ್ಕ ಮಾಳಿಗಿ ಮ್ಯಾಲ ಇಟ್ಟೀನಿ. ವೈರು ಅಲ್ಲಿಂದ ಇಳಿಸೀನಿ. ನೋಡು."

ಮಾಳಿಗೆಯಿಂದ ಒಂದು ಕರಿ ವೈರು ಬಾವಿಯ ಕಡೆಗೆ ಇಳಿದು ಒಳಕ್ಕೆ ಹೋಗಿತ್ತು. ಗವಿಸಿದ್ದೇಶ ಆಕೆಯ ಕಡೆ ತಿರುಗಿ, ನೋಡಿದಿರಾ ಎಂಬಂತೆ ಕತ್ತಾಡಿಸಿದ. ಸುಧಾರಾಣಿ ವೈರನ್ನು ನೋಡಲಿಲ್ಲ, ಮರಿಬಸಪ್ಪನ ಮುಖ ನೋಡಿದಳು. ಆ ಮುಖ ನಗುತ್ತಿತ್ತು, ಆದರೆ ಕಣ್ಣು ಬಾವಿ ಬಿಟ್ಟು ಮತ್ತೆಲ್ಲ ಕಡೆ ಓಡಾಡುತ್ತಿತ್ತು.

ಗವಿಸಿದ್ದೇಶ ಬಾವಿಕಟ್ಟೆಯ ಮೇಲೆ ಕುಳಿತು, ಯಂತ್ರ ಆ ಕ್ಷಣದ್ದನ್ನು ಆ ಕ್ಷಣವೇ ಕಳಿಸುವಂತೆ ಮೊಬೈಲಿನಲ್ಲಿ ಬದಲಾಯಿಸಿ, ಸದ್ದು ಜೋರು ಮಾಡಿದ. ಸುಧಾರಾಣಿಯ ದನಿ ಪಂಚಮದ ಮೇಲೆ ನಿಂತಿತು. ಬಾವಿಯ ಮೋಟರು ಹಚ್ಚಿರಲಿಲ್ಲ, ನೀರು ಕದಲುವ ಕಾರಣವಿರಲಿಲ್ಲ, ದನಿಯೂ ಕದಲಲಿಲ್ಲ.

"ಸರಿ ಐತಲ್ರಿ?" ಅಂದ.

ಅಷ್ಟರಲ್ಲಿ ದನಿ ಕೂದಲೆಳೆಯಷ್ಟು ಇಳಿಯಿತು. ಗವಿಸಿದ್ದೇಶನಿಗೆ ಗೊತ್ತಾಗಲಿಲ್ಲ. ತನ್ನದೇ ಗಂಟಲಾದ್ದರಿಂದ ಸುಧಾರಾಣಿಗೆ ಗೊತ್ತಾಯಿತು. ಬಾವಿಯೊಳಗೆ ಬಗ್ಗಿ ನೋಡಿದಳು. ನೀರು ಕನ್ನಡಿಯ ಹಾಗೆ ಸುಮ್ಮನಿತ್ತು. ದನಿ ಇನ್ನೊಂದಿಷ್ಟು ಜಾರಿತು. ಮನೆಯ ಹಿಂದಿನಿಂದ ಹಂಡೆಗೆ ನೀರು ಬೀಳುವ ಸದ್ದು ಬರುತ್ತಿತ್ತು.

ಸುಧಾರಾಣಿ ಎದ್ದು ಆ ಕಡೆ ನಡೆದಳು. ಮರಿಬಸಪ್ಪನ ಹೆಂಡತಿ ಹೊನ್ನೂರಮ್ಮ ಬಚ್ಚಲಿನ ನಲ್ಲಿಗೆ ಹಂಡೆ ಹಿಡಿದು ನಿಂತಿದ್ದಳು.

"ಅವ್ವಾ, ಸ್ವಲ್ಪ ನಲ್ಲಿ ಬಂದ್ ಮಾಡು."

ಹೊನ್ನೂರಮ್ಮ ನಲ್ಲಿ ತಿರುವಿದಳು. ಬಾವಿಕಟ್ಟೆಯ ಮೇಲೆ ದನಿ ಜಾರುವುದು ನಿಂತಿತು.

"ಈಗ ಬಿಡು."

ದನಿ ಮತ್ತೆ ಜಾರಿತು. ಹೊನ್ನೂರಮ್ಮನಿಗೂ ಕೇಳಿಸಿತು. ಗಾಬರಿಯಾಗಿ ನಲ್ಲಿ ಮುಚ್ಚಿದಳು, ದನಿ ನಿಂತಿತು. ತೆರೆದಳು; ಇಳಿಯಿತು. "ಯವ್ವಾ, ಯಾರಿದು ನನ್ನ ನೋಡಿ ಹಾಡಾಕತ್ತಾರ!" ಎಂದು ಹಂಡೆ ಬಿಟ್ಟು ಹಿಂದೆ ಸರಿದಳು.

ಗವಿಸಿದ್ದೇಶ ಆಗಲೇ ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದ. ಮೇಲಿದ್ದ ಕರಿ ಟ್ಯಾಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಕೆಳಗಿಳಿದಾಗ ಅವನ ಕೈಯಲ್ಲಿ ಟ್ಯಾಂಕಿನಿಂದ ತೆಗೆದ ಯಂತ್ರವಿತ್ತು, ಅದಕ್ಕೆ ಸೀರೆಯಂಚಿನ ಚಿಂದಿ ಕಟ್ಟಿತ್ತು. ಬಾವಿಗೆ ಇಳಿದಿದ್ದ ವೈರನ್ನು ಎಳೆದರೆ ತುದಿಗೆ ಬರೀ ಒಂದು ಕಲ್ಲು ಬಂತು.

"ಯಾಕ ಹಿಂಗ ಮಾಡಿದ್ರಿ ಯಜಮಾನ್ರ?" ಅವನ ದನಿ ಕೋಪಕ್ಕಿಂತ ಅಳುವಿಗೆ ಹತ್ತಿರವಾಗಿತ್ತು.

ಮರಿಬಸಪ್ಪ ಟವೆಲು ಹೆಗಲಿಗೆ ಹಾಕಿಕೊಂಡ. "ಬಾವಿಗೆ ಮೀಟರ್ ಕೂಡ್ರಸಾಕ ಬಂದಾರ, ನಾಳೆ ಇಷ್ಟ ಎತ್ತಬೇಕು ಅಂತ ಕಾನೂನು ಮಾಡ್ತಾರ ಅಂತ ಮಂದಿ ಅಂದ್ರು. ನೀ ಅವತ್ತು ಬಂದು ನಗನಗತಾ ಮಾತಾಡಿದಿ ನೋಡು, ನನ್ನ ತೋಟ ಹೊಗಳಿದಿ ನೋಡು, ಅವಾಗೇ ನನಗ ಸಂಶೆ ಬಂತು. ಕಿತ್ತು ಒಗದ್ರ ಕೇಸ್ ಹಾಕ್ತಾರ. ನೀರು ಅಳಿಯೋದಲ್ಲ ಅದರ ಕೆಲಸ? ಟ್ಯಾಂಕಿನ್ಯಾಗ ಅಳಕೋ ಅಂತ ಬಿಟ್ಟೆ."

"ಉಗಾದಿಗೆ ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲಾ ಬಂದಿದ್ರು" ಅಂದಳು ಹೊನ್ನೂರಮ್ಮ, ಯಾರೂ ಕೇಳದಿದ್ದರೂ. "ಜಳಕಕ್ಕ ನೀರು ಸಾಲದ ಮತ್ತ ತುಂಬಿಸಿದ್ವಿ."

ಸುಧಾರಾಣಿಗೆ ನಗಬೇಕೋ ನಾಚಬೇಕೋ ತಿಳಿಯಲಿಲ್ಲ. ಮರಿಬಸಪ್ಪನ ಮಾತು ಕೇಳುತ್ತಿದ್ದರೆ ತನ್ನದೇ ಮನಸ್ಸನ್ನು ಯಾರೋ ಗಟ್ಟಿಯಾಗಿ ಓದಿದಂತಿತ್ತು. ಹೊಗಳಿದ್ದಕ್ಕೆ ಸಂಶಯ, ನಕ್ಕಿದ್ದಕ್ಕೆ ಸಂಶಯ. ಅಂಕಿ ತಿದ್ದಿದವನು ಎಂದು ತಾನು ಬಸ್ ಸ್ಟ್ಯಾಂಡಿನಲ್ಲಿ ದೂರಿದ ಹುಡುಗ ಒದ್ದೆ ಯಂತ್ರ ಹಿಡಿದು ಬಿಸಿಲಿನಲ್ಲಿ ನಿಂತಿದ್ದ.

ವಾಪಸ್ಸು ಬರುವಾಗ ಆಕೆಯೇ ಮಾತು ತೆಗೆದಳು. "ನಿನಗ ಹಂಗ ಅನ್ನಬಾರದಿತ್ತು. ಅಂದಿದ್ದು ಹಿಂದಕ ತಗೊಂತೀನಿ. ಆದ್ರ ನೀನೂ ಬಂದು ನೋಡದ ಮಂದಿಗೆ ಹೇಳಾಕ ಹೊಂಟಿದ್ದಿ."

"ಹೌದ್ರಿ" ಅಂದ ಅವನು. ಯಂತ್ರವನ್ನು ಈ ಸಲ ಮರಿಬಸಪ್ಪನ ಎದುರಿಗೇ, ಅವನ ಕೈಯಿಂದಲೇ ಬಾವಿಗೆ ಇಳಿಸಿ ಬಂದಿದ್ದ. ಕಾನೂನು, ಮೀಟರು ಏನೂ ಇಲ್ಲವೆಂದು ಬಿಡಿಸಿ ಹೇಳಿ ಬಂದಿದ್ದ. ಮರಿಬಸಪ್ಪ ನಂಬಿದನೋ ಇಲ್ಲವೋ ಗೊತ್ತಾಗಿರಲಿಲ್ಲ.

ಎರಡು ದಿನ ಬಿಟ್ಟು ಚಿದಾನಂದಪ್ಪನವರೇ ಫೋನ್ ಮಾಡಿದರು. ಆಮಂತ್ರಣ ಹಂಚಿ ಆಗಿದೆ, ಕುರುಗೋಡಿನ ಬಾವಿ ಕುಂದಿಲ್ಲ ಎಂದು ಮೇಲಿನವರಿಗೆ ವರದಿಯೂ ಹೋಗಿದೆ, ಈಗ ಎಲ್ಲ ಅಗೆಯುವುದು ಯಾಕೆ? "ಹಾಡು ಚಲೋ ಐತಿ. ಟ್ಯಾಂಕೋ ಬಾವಿಯೋ, ಕೇಳೋ ಮಂದಿಗೆ ಏನು ತಿಳೀತೈತ್ರಿ? ಮುಂದಿನ ವರ್ಷ ಸರಿ ಮಾಡೋಣಂತ."

"ಗವಿಸಿದ್ದೇಶ ಏನಂದ?"

"ಅವನು ನಮ್ಮ ಹುಡುಗ. ನಾವು ಹೇಳಿದ್ದು ಮೀರಂಗಿಲ್ಲ."

ಸುಧಾರಾಣಿ ಗವಿಸಿದ್ದೇಶನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಸಂಜೆ ಮಾಡಿದಳು, ಎತ್ತಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು. ಪಾಠಕ್ಕೆ ಬಂದ ಹುಡುಗಿಯರು ತಪ್ಪು ಹಾಡಿದರೂ ತಿದ್ದುವುದು ಮರೆಯುವಷ್ಟು ಆಕೆಯ ತಲೆ ಅಲ್ಲೇ ಸಿಕ್ಕಿಕೊಂಡಿತ್ತು. ಕುರುಗೋಡಿನಲ್ಲಿ ಹುಟ್ಟಿದ್ದ ಮರುಕವೆಲ್ಲ ಆರಿ, ಹಳೆಯ ಸಿಟ್ಟು ಮರಳಿತು. ತಂಬೂರಿ ಮುಟ್ಟಿ ಆಣೆ ಮಾಡಿದವನು! ಕಾರ್ಯಕ್ರಮಕ್ಕೆ ಹೋಗಬೇಕು, ಮುಂದಿನ ಸಾಲಿನಲ್ಲೇ ಕೂರಬೇಕು, ಆ ಹಾಡು ಶುರುವಾದ ಕೂಡಲೇ ಎದ್ದು ನಿಂತು, ಇದು ನನ್ನ ದನಿ, ಇದು ಸುಳ್ಳು ಎಂದು ಕೂಗಬೇಕು. ಕನ್ನಡಿಯ ಮುಂದೆ ನಿಂತು ಆ ಮಾತುಗಳನ್ನು ಅಭ್ಯಾಸ ಕೂಡ ಮಾಡಿದಳು.

ಕಾರ್ಯಕ್ರಮದ ದಿನ ಬಳ್ಳಾರಿಯ ಆ ಸಭಾಂಗಣ ತುಂಬಿತ್ತು. ಊರೂರಿಂದ ರೈತರನ್ನು ಬಸ್ಸಿನಲ್ಲಿ ಕರೆಸಿದ್ದರು. ಕುರುಗೋಡಿನವರ ನಡುವೆ ಮರಿಬಸಪ್ಪ, ಹೊನ್ನೂರಮ್ಮ ಕೂಡ ಇದ್ದರು. ಚಿದಾನಂದಪ್ಪ ವೇದಿಕೆಯ ಮೇಲಿಂದ ಸುಧಾರಾಣಿಗೆ ಕೈಮುಗಿದರು. ಗವಿಸಿದ್ದೇಶ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿ ಕುಳಿತಿದ್ದ. ಆಕೆಯ ಕಡೆ ನೋಡಲಿಲ್ಲ. ತಪ್ಪಿತಸ್ಥರು ಕೂರುವುದೇ ಹೀಗೆ ಎಂದುಕೊಂಡಳು.

ಕರೂರಿನ ಬಾವಿ ಹಾಡಿತು. ಸಿರುಗುಪ್ಪದ ಕಡೆಯ ರೈತರು ಕಿವಿಗೊಟ್ಟು ಕೇಳಿದರು. ಮೇಲೆ ಹೋಗಿ ನಿಂತ ದನಿಗೆ ಕೆಲವರು ತಲೆದೂಗಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಗವಿಸಿದ್ದೇಶ ಮೈಕು ಹಿಡಿದ. ಕುರುಗೋಡಿನ ಹಾಡು ಶುರುವಾಯಿತು. ಅದೇ ಚಿಮ್ಮು, ಅದೇ ಇಂಪಾದ ಇಳಿವು. ಸುಧಾರಾಣಿ ಕುರ್ಚಿಯ ತೋಳು ಹಿಡಿದು ಎದ್ದೇಬಿಟ್ಟಳು.

ಹಾಡು ಅಲ್ಲೇ ನಿಂತಿತು.

"ಇದು ಬಾವಿ ಅಲ್ರಿ" ಅಂದ ಗವಿಸಿದ್ದೇಶ. ಮೈಕಿನಲ್ಲಿ ಅವನ ಉಸಿರು ಕೇಳಿಸುತ್ತಿತ್ತು. "ಇದು ಒಂದು ಮನಿ ಮ್ಯಾಲಿನ ನೀರಿನ ಟ್ಯಾಂಕು. ನಾವು ಇದನ್ನ ಬಾವಿ ಅಂತ ತಿಳಕೊಂಡು, ಕುರುಗೋಡಿನ ನೀರು ಕುಂದಿಲ್ಲ ಅಂತ ಬರದು ಕಳಿಸಿದ್ವಿ. ತಪ್ಪು ನಂದು. ಹೋಗಿ ನೋಡಲಿಲ್ಲ. ಖರೆ ಬಾವಿ ಈಗ ಕೇಳ್ರಿ. ಮೂರು ವಾರದ್ದ ಐತಿ."

ಚಿದಾನಂದಪ್ಪನವರ ನಗು ಮುಖದ ಮೇಲೆ ಹಾಗೇ ಒಣಗಿತು. ಸುಧಾರಾಣಿ ನಿಂತೇ ಇದ್ದಳು. ಕೂರಲು ಮರೆತಿದ್ದಳು.

ಈ ಸಲ ದನಿ ನಡುವಿನಿಂದ ಹೊರಟಿತು. ಹಗಲಿಗೆ ಇಳಿಯಿತು, ಇರುಳಿಗೆ ಏರಲು ನೋಡಿತು, ಆದರೆ ನಿನ್ನೆ ಮುಟ್ಟಿದ್ದ ಸ್ವರವನ್ನು ಇವತ್ತು ಮುಟ್ಟಲಾಗಲಿಲ್ಲ. ಮರುದಿನ ಇನ್ನೂ ಕೆಳಗೆ. ಪ್ರತಿ ಸಲವೂ ಪ್ರಯತ್ನ, ಪ್ರತಿ ಸಲವೂ ಅರ್ಧಕ್ಕೇ ಸೋಲು. ಕೊನೆಗೆ ಮಂದ್ರದಲ್ಲಿ, ತನ್ನ ಗಂಟಲು ನಡುಗುವ ಜಾಗದಲ್ಲಿ ದನಿ ತೆವಳುತ್ತಿದ್ದುದನ್ನು ಸುಧಾರಾಣಿ ಕೇಳಿದಳು. ತಾನೇ ಹಾಡಿದ್ದರೂ ಇಷ್ಟು ದಣಿವನ್ನು ತುಂಬಲು ಆಗುತ್ತಿರಲಿಲ್ಲ.

ಮುಗಿದಾಗ ಚಪ್ಪಾಳೆ ಬರಲಿಲ್ಲ. ಮರಿಬಸಪ್ಪ ಎದ್ದು ನಿಂತ.

"ಆ ಟ್ಯಾಂಕು ನಂದ" ಅಂದ. ಅಕ್ಕಪಕ್ಕದವರು ತಿರುಗಿ ನೋಡಿದರು. "ಯಂತ್ರ ಎತ್ತಿಟ್ಟಾವ ನಾನು. ಹುಡುಗಂದು ತಪ್ಪಿಲ್ಲ. ಈಗೊಂದು ಹೇಳಪ್ಪಾ, ಈಗ ಕೇಳಿದ್ದು ನಮ್ಮ ಬಾವಿನ ಹೌದೇನು? ಇದರಾಗೂ ಏನರ ಆಟ ಐತೇನು?"

ಮುಂದಿನ ಸಾಲಿನಿಂದ ಉತ್ತರ ಕೊಟ್ಟವಳು ಸುಧಾರಾಣಿ. ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. "ದನಿ ನಂದು. ಯಂತ್ರ ನಿಮ್ಮ ಕೈಯಿಂದನ ಬಾವಿಗೆ ಇಳಿದದ್ದು ನಾನು ನೋಡೀನಿ. ಆದ್ರ ನನ್ನ ಮಾತು ನಂಬಬ್ಯಾಡ್ರಿ. ಮನಿಗೆ ಹೋಗಿ ಹಗ್ಗ ಇಳಿಬಿಟ್ಟು ನೀವ ಅಳೀರಿ."

ಕಾರ್ಯಕ್ರಮ ಮುಗಿದ ಮೇಲೆ ಗವಿಸಿದ್ದೇಶ ಹೊರಗೆ ಬೇವಿನ ಮರದ ಕೆಳಗೆ ಸಿಕ್ಕ. ಚಿದಾನಂದಪ್ಪ ಅವನ ಜತೆ ಒಂದು ಮಾತೂ ಆಡದೆ ಕಾರು ಹತ್ತಿ ಹೋಗಿದ್ದರು.

"ಫೋನ್ ಯಾಕ ಎತ್ತಲಿಲ್ಲ?" ಅಂದಳು.

"ಏನ್ ಮಾಡ್ತೀನಂತ ನನಗ ಗೊತ್ತಿರಲಿಲ್ರಿ ಅಕ್ಕಾರ. ಇವತ್ತು ಮುಂಜಾನಿತನ ಎರಡು ಮನಸಿತ್ತು. ನಿಮ್ಮ ಮುಂದ ಸುಳ್ಳು ಹೇಳಾಕ ಆಗ್ತಿದ್ದಿಲ್ಲ. ಹೊಸ ಹಾಡು ಮೊದಲು ನಿಮಗ ಕೇಳಿಸಲಿಲ್ಲ, ಆಣಿ ತಪ್ಪೀನಿ."

"ಊಟ ಮಾಡಿದೇನು?" ಅಂದಳು. ಅವನು ಇಲ್ಲವೆಂದ. ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಬಡಿದು ಹಾಕಿದಳು.

ಮಳೆಗಾಲದ ಹೊತ್ತಿಗೆ ಅವನು ಆ ಸಂಸ್ಥೆಯಲ್ಲಿರಲಿಲ್ಲ. ಬಿಡಿಸಿದರೋ ತಾನೇ ಬಿಟ್ಟನೋ, ಅವನು ಹೇಳಲಿಲ್ಲ, ಆಕೆ ಕೇಳಲಿಲ್ಲ. ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಪಾಠಕ್ಕೆ ಸೇರಿಕೊಂಡ. ಮರಿಬಸಪ್ಪನ ಬಾವಿಯ ಯಂತ್ರವನ್ನು ಸಂಸ್ಥೆಯವರು ಕಿತ್ತುಕೊಂಡು ಹೋದರು. ಕುರುಗೋಡಿನ ಕೆಲವರು ಸೇರಿ ಬೇರೆಯದನ್ನು ತರಿಸಿ ಹಾಕಿಸಿಕೊಂಡರು; ಅದರ ಅಂಕಿಯನ್ನು ಗವಿಸಿದ್ದೇಶ, ಸುಧಾರಾಣಿ ಕೇಳಿ ಒಪ್ಪಿದ ಮೇಲೆ, ಆಕೆಯ ದನಿಯ ಹಾಡು ಮಾಡಿ ಕಳಿಸುತ್ತಾನೆ. ಮರಿಬಸಪ್ಪ ಆ ವರ್ಷ ಅಂಜೂರದ ಸಾಲುಗಳ ನಡುವೆ ಹಾಕುತ್ತಿದ್ದ ಬದನೆ ಬಿಟ್ಟು, ಬಾವಿಗೆ ಒಂದಿಷ್ಟು ಬಿಡುವು ಕೊಟ್ಟ. ಹಾಗಂತ ನಂಬಿಬಿಟ್ಟ ಅಂತೇನಲ್ಲ. ವಾರಕ್ಕೊಮ್ಮೆ ಹಾಡು ಮೊಬೈಲಿಗೆ ಬಂದ ಕೂಡಲೇ ಹೊನ್ನೂರಮ್ಮನನ್ನು ಕರೆದುಕೊಂಡು ಬಾವಿಕಟ್ಟೆಗೆ ಹೋಗಿ, ಮೊಳಕ್ಕೊಂದು ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೋಡುತ್ತಾನೆ. ಎರಡೂ ತಾಳೆಯಾಗದಿದ್ದರೆ ಗವಿಸಿದ್ದೇಶನಿಗಲ್ಲ, ನೇರ ಸುಧಾರಾಣಿಗೇ ಫೋನ್ ಮಾಡುತ್ತಾನೆ.

"ಅಮ್ಮಾರ, ನಿಮ್ಮ ದನಿ ಇವತ್ತು ಒಂದು ಗಂಟಷ್ಟು ಮ್ಯಾಲ ಹಾಡೈತ್ರಿ" ಅನ್ನುತ್ತಾನೆ.

"ಹಗ್ಗ ಒದ್ದಿ ಆಗಿ ಕುಗ್ಗಿರಬೇಕು, ನೋಡ್ರಿ" ಅನ್ನುತ್ತಾಳೆ ಆಕೆ. ಇಬ್ಬರೂ ಬಹಳ ಹೊತ್ತು ವಾದ ಮಾಡುತ್ತಾರೆ.